ಹಳೆಯ ಬಂದೂಕಿಗೆ ವಯಸ್ಸಿನ ರಿಯಾಯಿತಿ ಇಲ್ಲ

ಐತಿಹಾಸಿಕ ಕಥೆಗಳ ಚಿತ್ರೀಕರಣದಲ್ಲಿ ಬಳಸುವ ಹಳೆಯ ಕಾಲದ ಬಂದೂಕಿನಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಅಪಾಯವೇನಿದ್ದರೂ ಎಕೆ-47ನದು, ಈಗಿನ ಪಿಸ್ತೂಲಿನದು. ಬಾಯಿಂದ ಮದ್ದು ತುಂಬುವ, ಚಕಮಕಿ ಕಲ್ಲಿನ, ಮುತ್ತಜ್ಜನ ಕಾಲದ ತುಪಾಕಿ ಯಾರನ್ನು ಕೊಂದೀತು ಎಂಬುದು ಅದರ ಧಾಟಿ. ಸುರಪುರ ಸೀಮೆಯಲ್ಲಿ ಇದಕ್ಕೆ ಅಭಿಮಾನದ ಎಳೆಯೊಂದು ಸೇರಿಕೊಳ್ಳುತ್ತದೆ. ಶಹಾಪುರದ ಪಕ್ಕದ ಈ ಭೀಮರಾಯನಗುಡಿಯ ಸುತ್ತ ಕೋಟೆಗಳಿಗೆ ಬರವಿಲ್ಲ: ಶಹಾಪುರ ಬೆಟ್ಟದ ಮೇಲಿನದು, ಯಾದಗಿರಿಯದು, ಸುರಪುರದ್ದು, ಅದರಾಚೆ ವಾಗಿನಗೇರಿಯದು. 1705ರಲ್ಲಿ ಮುದಿ ಔರಂಗಜೇಬ ತಾನೇ ಬಂದು ವಾಗಿನಗೇರಿಗೆ ಮುತ್ತಿಗೆ ಹಾಕಿದಾಗ ಮೊಗಲ್ ಸೈನ್ಯವನ್ನು ತಡೆದು ನಿಲ್ಲಿಸಿದ್ದು ಬೇಡ ಪಡೆಯ ಬಂದೂಕುಗಾರರ ಗುರಿ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ನಿಂತದ್ದೂ ಇದೇ ಬಲದ ಮೇಲೆ. ಇಂಥ ನೆಲದ ಕಥೆ ದೊಡ್ಡ ತೆರೆಗೆ ಬರಬೇಕು ಎಂಬ ಆಸೆ ಸಹಜ; ನನಗೂ ಅದೇ ಆಸೆ. ಬಂದರೆ ಬಂದೂಕಿಲ್ಲದೆ ಬರಲಾರದು. ಆದ್ದರಿಂದಲೇ, ಕ್ಯಾಮೆರಾ ಈ ಕೋಟೆಗಳ ಮೆಟ್ಟಿಲು ಹತ್ತುವ ಮೊದಲೇ ಆ ನಂಬಿಕೆಯನ್ನು ಬಿಡಿಸಿ ನೋಡಬೇಕು. ಹಳೆಯದು ಎಂಬ ಕಾರಣಕ್ಕೆ ಬಂದೂಕು ಸಾಧುವಾಗುವುದಿಲ್ಲ. ಹಳೆಯದು ಎಂಬ ಕಾರಣಕ್ಕೇ ಅದರ ಬಳಿ ಹೆಚ್ಚು ಎಚ್ಚರ ಬೇಕು. ಇದು ನನ್ನ ವಾದ.

ಮೊದಲು ಎದುರು ಪಕ್ಷಕ್ಕೆ ನ್ಯಾಯ ಸಲ್ಲಿಸೋಣ. ಹೀಗೆ ನಂಬುವವರು ದಡ್ಡರಲ್ಲ, ಜೀವದ ಬೆಲೆ ಅರಿಯದವರೂ ಅಲ್ಲ. ಅವರ ಮಾತನ್ನು ಒಪ್ಪವಾಗಿ ಜೋಡಿಸಿದರೆ ನಾಲ್ಕು ಅಂಶಗಳಾಗುತ್ತವೆ:

1. ಹಳೆಯ ಬಂದೂಕಿನ ಕಸುವು ಕಡಿಮೆ. ಒಂದು ಸಲ ಹೊಡೆದರೆ ಮತ್ತೆ ತುಂಬಬೇಕು, ಗುರಿಯೂ ನೆಟ್ಟಗಿಲ್ಲ; ಎಷ್ಟೋ ಸಲ ಸಿಡಿಯುವುದೇ ಇಲ್ಲ.

2. ಚಿತ್ರೀಕರಣದಲ್ಲಿ ಗುಂಡು ಹಾಕುವುದಿಲ್ಲ. ಬರೀ ಮದ್ದು ಸುಟ್ಟರೆ ಸದ್ದು, ಹೊಗೆ ಬಿಟ್ಟು ಬೇರೇನೂ ಬರುವುದಿಲ್ಲ.

3. ನಿಜವಾದ ಆಯುಧ ಕೈಯಲ್ಲಿದ್ದಾಗಲೇ ನಟನಿಗೆ ಆ ಕಾಲದ ನಿಲುವು ಬರುತ್ತದೆ. ಮರದ ತುಂಡು ಹಿಡಿದು ವೀರರ ಕಥೆ ಹೇಳುವುದು ಚರಿತ್ರೆಗೆ ಮಾಡುವ ಅಪಚಾರ.

4. ಇಷ್ಟರ ಮೇಲೂ ಅವಘಡವಾದರೆ ಅದು ಯಾರೋ ಒಬ್ಬರ ಅಜಾಗರೂಕತೆ, ಇಲ್ಲವೇ ಹಣೆಬರಹ. ಅದಕ್ಕಾಗಿ ಎಲ್ಲರ ಕೈ ಕಟ್ಟುವುದು ಸಲ್ಲ.

ನಾಲ್ಕರಲ್ಲೂ ಒಂದೊಂದು ಚೂರು ಸತ್ಯವಿದೆ. ತೊಡಕಿರುವುದು ಆ ಚೂರುಗಳ ಮೇಲೆ ಕಟ್ಟಿದ ತೀರ್ಮಾನದಲ್ಲಿ.

ಕಸುವು ಕಡಿಮೆ ಎಂಬುದು ಹೋಲಿಕೆಯ ಮಾತು. ಈಗಿನ ರೈಫಲ್ಲಿಗೆ ಹೋಲಿಸಿದರೆ ಕಡಿಮೆ ಹೌದು; ಮನುಷ್ಯನ ಎದೆಗೂಡಿಗೆ ಹೋಲಿಸಿದರೆ ಅಲ್ಲ. 1858ರಲ್ಲಿ ಸುರಪುರದ ಕಾಳಗದಲ್ಲಿ ಎರಡೂ ಕಡೆಯ ಜನ ಸತ್ತದ್ದು ಇವೇ ಬಂದೂಕುಗಳಿಂದ, ಅಂದಿನಿಂದ ಇಂದಿನವರೆಗೆ ಮನುಷ್ಯನ ಮೈಯೇನೂ ಗಟ್ಟಿಯಾಗಿಲ್ಲ. ನಮ್ಮ ಕಾನೂನು ಈ ವಿಷಯದಲ್ಲಿ ನಮ್ಮ ನಂಬಿಕೆಗಿಂತ ಸ್ಪಷ್ಟವಾಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 13, ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡುವ ಮಾತನ್ನು ಹೆಸರಿಸಿಯೇ ಹೇಳುತ್ತದೆ. ಅಂದರೆ ಯಾವುದನ್ನು ನಾವು ಚರಿತ್ರೆಯ ಪಳೆಯುಳಿಕೆ ಎನ್ನುತ್ತೇವೋ ಅದು ಇಂದಿಗೂ ಹೊಲದಲ್ಲಿ ಹಂದಿ ಹೊಡೆಯುವ ಸಾಧನ. ಅದೇ ಕಾಯ್ದೆಯ ಕಲಂ 45 ಹಳೆಯ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ ನಿಜ, ಆದರೆ ಎಂಥದಕ್ಕೆ? ಕಾಲ ಮೀರಿದ ಮಾದರಿಯದಾಗಿರಬೇಕು, ಪುರಾತನ ಮೌಲ್ಯದ್ದಾಗಿರಬೇಕು ಅಥವಾ ಕೆಟ್ಟುಹೋಗಿರಬೇಕು. ಇಷ್ಟೇ ಸಾಲದು, ದುರಸ್ತಿ ಮಾಡಿದರೂ ಅದರಿಂದ ಗುಂಡು ಹಾರಿಸಲು ಬರಬಾರದು. ಕಾಯ್ದೆ ಬರೆದವರು ಬಂದೂಕಿನ ವಯಸ್ಸು ಕೇಳಿ ಸುಮ್ಮನಾಗಲಿಲ್ಲ, ಅದು ಏನು ಮಾಡಬಲ್ಲದು ಎಂದು ಕೇಳಿದರು. ಚಿತ್ರೀಕರಣದ ಅಂಗಳದಲ್ಲೂ ಕೇಳಬೇಕಾದ ಪ್ರಶ್ನೆ ಇದೇ.

ಇನ್ನು, ಹಳೆಯ ಬಂದೂಕಿನಲ್ಲಿ ಹೊಸದಕ್ಕಿಲ್ಲದ ಒಂದು ದೋಷವಿದೆ: ಅದರ ಹೊಟ್ಟೆಯೊಳಗೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಈಗಿನ ಬಂದೂಕನ್ನು ಹಿಂಬದಿಯಿಂದ ತೆರೆದು, ತೋಟಾ ಹೊರತೆಗೆದು, ನಳಿಕೆಯಲ್ಲಿ ಬೆಳಕು ಹಾಯಿಸಿ ನೋಡಬಹುದು. ಬಾಯಿಂದ ತುಂಬುವ ಬಂದೂಕಿನ ಹಿಂಬದಿ ಮುಚ್ಚಿದ ಗೋಡೆ. ತುಂಬಿದ ಬಂದೂಕೂ ಖಾಲಿ ಬಂದೂಕೂ ನೋಡಲಿಕ್ಕೆ, ಎತ್ತಿ ತೂಗಲಿಕ್ಕೆ ಹೆಚ್ಚುಕಡಿಮೆ ಒಂದೇ. ಬಾಯಿಗೆ ಕಣ್ಣಿಟ್ಟು ನೋಡುವುದಂತೂ ಯಾರೂ ಮಾಡಬಾರದ ಕೆಲಸ. ಪರೀಕ್ಷೆಗೆ ಇರುವ ದಾರಿ ಒಂದೇ. ಬಾಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಗಜಕಡ್ಡಿಯನ್ನು ಮೆಲ್ಲಗೆ ಒಳಗೆ ಬಿಟ್ಟು, ಅದು ತಳ ಮುಟ್ಟಿದಾಗ ನಳಿಕೆಯ ಬಾಯಿ ಬರುವಲ್ಲಿ ಕಡ್ಡಿಗೆ ಗುರುತು ಹಾಕಬೇಕು. ಆಮೇಲೆ ಕಡ್ಡಿಯನ್ನು ಹೊರತೆಗೆದು, ಗುರುತು ಬಾಯಿಯ ಸಮಕ್ಕೆ ಬರುವಂತೆ ನಳಿಕೆಯ ಹೊರಮೈಗೆ ಆನಿಸಿ ಹಿಡಿಯಬೇಕು. ಕಡ್ಡಿಯ ತುದಿ ಕಿಡಿ ಹೋಗುವ ಕಿವಿಯ ತನಕ ಬಂದರೆ ನಳಿಕೆ ಖಾಲಿ. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಕೂತಿದೆ. ಅದು ನಿನ್ನೆಯ ಮದ್ದಿರಬಹುದು, ಹಳೆಯ ಗುಂಡಿರಬಹುದು, ಅಜ್ಜನ ಕಾಲದಲ್ಲಿ ತುಂಬಿ ಮರೆತದ್ದೂ ಇರಬಹುದು. ಒಣಗಿದ್ದ ಕಡೆ ಕರಿಮದ್ದು ಎಷ್ಟು ವರ್ಷವಾದರೂ ಸಾಯುವುದಿಲ್ಲ. ಅಮೆರಿಕದ ಅಂತರ್ಯುದ್ಧ 1865ರಲ್ಲೇ ಮುಗಿದಿತ್ತು. ಆ ಕಾಲದ ಮದ್ದು ತುಂಬಿದ ತೋಪಿನ ಗುಂಡೊಂದನ್ನು ದುರಸ್ತಿ ಮಾಡುತ್ತಿದ್ದ ಸಂಗ್ರಾಹಕರೊಬ್ಬರು ವರ್ಜೀನಿಯಾದಲ್ಲಿ ಅದು ಸಿಡಿದು ತೀರಿಕೊಂಡದ್ದು 2008ರಲ್ಲಿ.

ಆಯುಧಕ್ಕೆ ವಯಸ್ಸಾದಂತೆ ಕೆಡುವುದು ಅದರ ಕೊಲ್ಲುವ ಶಕ್ತಿಯಲ್ಲ, ಕೊಲ್ಲದಂತೆ ತಡೆಯುವ ಭಾಗಗಳು. ಚಕಮಕಿ ಕಲ್ಲು ಕಚ್ಚಿದ ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿದರೆ ಟ್ರಿಗರ್ ಒತ್ತಿದರೂ ಅದು ಬೀಳಬಾರದು, ಆ ಕಾಲದ ಸುರಕ್ಷತೆ ಎಂದರೆ ಅಷ್ಟೇ. ಒಳಗಿನ ಕೊಂಡಿ ಸವೆದಿದ್ದರೆ ಒಂದು ಅಲುಗಾಟಕ್ಕೆ ಕುದುರೆ ಬೀಳುತ್ತದೆ. ನಳಿಕೆಯ ಒಳಮೈ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಮದ್ದಿನ ಒತ್ತಡಕ್ಕೆ ಅದು ಹಿಡಿದವನ ಎಡಗೈಯ ಬಳಿಯೇ ಸೀಳಬಹುದು. ಕರಿಮದ್ದಿನ ಬದಲು ಈಗಿನ ತೋಟಾಗಳ ಹೊಗೆಯಿಲ್ಲದ ಮದ್ದನ್ನು ತುಂಬಿದರಂತೂ ಒತ್ತಡ ಆ ಕಬ್ಬಿಣ ತಾಳಬಲ್ಲ ಮಿತಿಯನ್ನು ದಾಟಿಹೋಗುತ್ತದೆ. ಇದರ ಜೊತೆಗೆ ಐತಿಹಾಸಿಕ ಸೆಟ್ಟಿಗೇ ವಿಶೇಷವಾದ ಇನ್ನೊಂದು ಸಂಗತಿ ಇದೆ: ಬೆಂಕಿ. ಅಲ್ಲಿ ಪಂಜು, ದೀವಟಿಗೆ, ದೀಪ ಎಲ್ಲವೂ ಉರಿಯುತ್ತಿರುತ್ತವೆ. ಬತ್ತಿ ಬಂದೂಕು ಹಿಡಿದ ಸೈನಿಕನ ಕೈಯಲ್ಲೇ ಹೊಗೆಯಾಡುವ ಬತ್ತಿ, ಅವನ ಸೊಂಟದಲ್ಲೇ ಮದ್ದಿನ ಚೀಲ. ಕರಿಮದ್ದಿಗೆ ಒಂದು ಕಿಡಿ ಸಾಕು. ಈಗಿನ ಕಥೆಯ ಚಿತ್ರದಲ್ಲಿ ಈ ಎರಡೂ ಇಷ್ಟು ಹತ್ತಿರ ಬರುವ ಪ್ರಸಂಗವೇ ಅಪರೂಪ.

ಸಿಡಿಯದೆ ಹೋಗುವ ಬಂದೂಕು ನಿರಪಾಯ ಎಂಬುದನ್ನು ನಮ್ಮ ಊರಿನವರಾದರೂ ನಂಬಬಾರದು. ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪಾಗಿ ಬೆಳೆದ ಊರು ಭೀಮರಾಯನಗುಡಿ; ಕಾಲುವೆಗೆ ಬಂಡೆ ಸಿಡಿಸುವ ಕೆಲಸ ಕಂಡವರಿಗೆ, ಮದ್ದು ತುಂಬಿಯೂ ಸಿಡಿಯದೆ ಉಳಿದ ಕುಣಿಯೇ ಎಲ್ಲಕ್ಕಿಂತ ಅಪಾಯದ್ದೆಂಬುದು, ಅದರ ಹತ್ತಿರ ಲಗುಬಗೆಯಿಂದ ಹೋಗಬಾರದೆಂಬುದು ಗೊತ್ತು. ಬಂದೂಕಿಗೂ ಅದೇ ನಿಯಮ. ಕಿಡಿ ಬಿದ್ದ ಮೇಲೆ ಮದ್ದು ತಡೆದು ಹೊತ್ತಿಕೊಳ್ಳಬಹುದು. ಅಷ್ಟರಲ್ಲಿ ನಟ ಬಂದೂಕನ್ನು ಪಕ್ಕಕ್ಕೆ ತಿರುಗಿಸಿರುತ್ತಾನೆ. ಇಲ್ಲವೇ ಅದು ಸಿಡಿದಿಲ್ಲವೆಂಬುದೇ ಗೊತ್ತಾಗದೆ ಮುಂದಿನ ಟೇಕಿಗೆ ಅದರ ಮೇಲೆಯೇ ಇನ್ನೊಂದು ಭರ್ತಿ ತುಂಬುತ್ತಾರೆ. ಐವತ್ತು ಬಂದೂಕು ಒಟ್ಟಿಗೆ ಸದ್ದು ಮಾಡುವ ಯುದ್ಧದ ದೃಶ್ಯದಲ್ಲಿ ತನ್ನದು ಸಿಡಿಯಿತೋ ಇಲ್ಲವೋ ಎಂದು ಹಿಡಿದವನಿಗೇ ತಿಳಿಯುವುದಿಲ್ಲ. ಇದು ಕಲ್ಪನೆಯ ಮಾತಲ್ಲ. 1863ರ ಗೆಟಿಸ್‌ಬರ್ಗ್ ಕದನದ ನಂತರ ರಣರಂಗದಿಂದ ಆಯ್ದು ತಂದ 27 ಸಾವಿರಕ್ಕೂ ಹೆಚ್ಚು ಬಂದೂಕುಗಳಲ್ಲಿ ಸುಮಾರು 24 ಸಾವಿರ ತುಂಬಿಕೊಂಡೇ ಇದ್ದವು, ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಭರ್ತಿ ಇತ್ತು ಎಂದು ಆಗಿನ ಲೆಕ್ಕ ಹೇಳುತ್ತದೆ. ಅವರು ತಿಂಗಳುಗಟ್ಟಲೆ ಕವಾಯತು ಮಾಡಿದ ಸೈನಿಕರು. ದಿನಗೂಲಿಗೆ ಬಂದು ಸೈನಿಕನ ವೇಷ ತೊಟ್ಟ ಹುಡುಗರಿಂದ ಅವರಿಗಿಂತ ಹೆಚ್ಚಿನ ಶಿಸ್ತನ್ನು ಬಯಸುವುದು ನ್ಯಾಯವಲ್ಲ.

ಎರಡನೆಯ ಅಂಶಕ್ಕೆ ಬರೋಣ: ಗುಂಡಿಲ್ಲದ ಮದ್ದಿನಿಂದ ಏನೂ ಆಗದು. ಗುಂಡನ್ನು ತಳ್ಳುವುದು ಮದ್ದು ಸುಟ್ಟಾಗ ಹುಟ್ಟುವ ಬಿಸಿ ಅನಿಲ. ಗುಂಡು ಇರಲಿ ಬಿಡಲಿ, ಆ ಅನಿಲ ನಳಿಕೆಯ ಬಾಯಿಂದ ಹೊರಗೆ ನುಗ್ಗಲೇಬೇಕು. ಜೊತೆಗೆ ಮದ್ದನ್ನು ಬಿಗಿದಿಡಲು ಹಾಕಿದ ಬಟ್ಟೆ ಅಥವಾ ಕಾಗದದ ಬಿರಡೆ, ಸುಟ್ಟು ಮುಗಿಯದ ಮದ್ದಿನ ಕಾಳು, ಒಳಗೆ ಅಕಸ್ಮಾತ್ ಬಿದ್ದ ಕಲ್ಲಿನ ಚೂರು, ತೆಗೆಯಲು ಮರೆತ ಗಜಕಡ್ಡಿ, ಇವೆಲ್ಲ ಗುಂಡಿನ ಕೆಲಸವನ್ನೇ ಮಾಡುತ್ತವೆ. 1984ರಲ್ಲಿ ಅಮೆರಿಕದ ಟೆಲಿವಿಷನ್ ನಟ ಜಾನ್-ಎರಿಕ್ ಹೆಕ್ಸಮ್ ಚಿತ್ರೀಕರಣದ ಬಿಡುವಿನಲ್ಲಿ ಬ್ಲ್ಯಾಂಕ್ ತೋಟಾ ಇದ್ದ ರಿವಾಲ್ವರನ್ನು ತಮಾಷೆಗೆ ತನ್ನ ಕಣತಲೆಗೆ ಆನಿಸಿ ಒತ್ತಿದ. ಗುಂಡು ಇರಲಿಲ್ಲ. ಬ್ಲ್ಯಾಂಕಿನ ಹೊಡೆತಕ್ಕೇ ತಲೆಬುರುಡೆ ಒಡೆಯಿತು, ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಹಳೆಯ ಬಂದೂಕಿನಲ್ಲಿ ಬೆಂಕಿ ಬಾಯಿಂದ ಮಾತ್ರ ಬರುವುದಿಲ್ಲ, ಕಿವಿಯಿಂದ ಪಕ್ಕಕ್ಕೂ ಚಿಮ್ಮುತ್ತದೆ. ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತು ಹೊಡೆಯುವ ದೃಶ್ಯದಲ್ಲಿ ಪಕ್ಕದವನ ಮುಖ ಆ ಕಿಡಿಯ ದಾರಿಯಲ್ಲೇ ಇರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಪಾಠ ಬ್ರೂಸ್ ಲೀಯ ಮಗ ಬ್ರ್ಯಾಂಡನ್ ಲೀಯ ಸಾವಿನಲ್ಲಿದೆ. 1993ರ ಮಾರ್ಚ್ 31, ನಾರ್ತ್ ಕೆರೊಲಿನಾದಲ್ಲಿ ‘ದ ಕ್ರೋ’ ಚಿತ್ರೀಕರಣ. ರಿವಾಲ್ವರನ್ನು ಎದುರಿನಿಂದ, ಹತ್ತಿರದಿಂದ ತೋರಿಸಿದಾಗ ಅದರ ಉರುಳೆಯಲ್ಲಿ ಗುಂಡಿನ ತುದಿಗಳು ಕಾಣಬೇಕು. ಅದಕ್ಕಾಗಿ ನಿಜವಾದ ತೋಟಾಗಳಿಂದ ಮದ್ದು ಸುರಿದು, ಗುಂಡನ್ನು ಮತ್ತೆ ಕೂಡಿಸಿ ಡಮ್ಮಿ ಮಾಡಿದ್ದರು. ಹಿಂಬದಿಯ ಕಿಡಿಗುಳಿಗೆಯನ್ನು ಮಾತ್ರ ತೆಗೆದಿರಲಿಲ್ಲ. ಯಾವಾಗಲೋ ಟ್ರಿಗರ್ ಒತ್ತಿದಾಗ ಆ ಗುಳಿಗೆಯ ಅಲ್ಪ ಶಕ್ತಿಗೆ ಗುಂಡು ಕಳಚಿ ನಳಿಕೆಯ ಅರ್ಧದಲ್ಲಿ ಸಿಕ್ಕಿಕೊಂಡಿತು. ಯಾರೂ ನೋಡಲಿಲ್ಲ. ಆಮೇಲೆ ಅದೇ ರಿವಾಲ್ವರಿಗೆ ಬ್ಲ್ಯಾಂಕ್ ತೋಟಾ ತುಂಬಿದರು. ಬ್ಲ್ಯಾಂಕಿನಲ್ಲಿ ಗುಂಡಿಲ್ಲ, ಆದರೆ ಮದ್ದು ಪೂರ್ತಿ ಇದೆ. ನಳಿಕೆಯಲ್ಲಿ ಮದ್ದಿಲ್ಲ, ಆದರೆ ಗುಂಡು ಇದೆ. ನಿರಪಾಯವೆಂದು ಮಾಡಿದ ಎರಡು ವಸ್ತುಗಳು ಕೂಡಿ ಒಂದು ನಿಜವಾದ ತೋಟಾ ಆಯಿತು. ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ತಾನೇ ಮರುಭರ್ತಿಯಾಗುವ ಈಗಿನ ಬಂದೂಕುಗಳು ಬ್ಲ್ಯಾಂಕಿನಿಂದ ಸರಿಯಾಗಿ ಕೆಲಸ ಮಾಡಬೇಕಾದರೆ ಸಾಮಾನ್ಯವಾಗಿ ನಳಿಕೆಯಲ್ಲಿ ತಡೆ ಹಾಕಿ ಮಾರ್ಪಡಿಸಬೇಕಾಗುತ್ತದೆ. ಆ ತಡೆಯೇ ನಿಜವಾದ ಗುಂಡಿಗೂ ಅಡ್ಡಿ. ರಿವಾಲ್ವರಿಗೂ ಬಾಯಿಂದ ತುಂಬುವ ಬಂದೂಕಿಗೂ ಯಾವ ಮಾರ್ಪಾಡೂ ಬೇಡ. ಬ್ಲ್ಯಾಂಕನ್ನು ಹಾರಿಸುವ ಅದೇ ನಳಿಕೆ ಮರುಕ್ಷಣವೇ ಗುಂಡನ್ನೂ ಹಾರಿಸುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಚರ್ಚೆಯಾದ ಮೂರು ಚಿತ್ರೀಕರಣದ ಸಾವುಗಳು, ಹೆಕ್ಸಮ್‌ನದು, ಲೀಯದು, 2021ರಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಅವರದು, ಮೂರೂ ರಿವಾಲ್ವರಿನಿಂದಾದವು. ಮೂರನೆಯದರಲ್ಲಿದ್ದದ್ದು 1873ರ ಕೋಲ್ಟ್ ಮಾದರಿಯ ನಕಲು. ಅಪಾಯ ಎಕೆ-47ನದು ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ.

ಮೂರನೆಯ ಅಂಶವೇ ನನಗೆ ಹೆಚ್ಚು ತೂಕದ್ದಾಗಿ ಕಾಣುವುದು, ಏಕೆಂದರೆ ಅದರಲ್ಲಿ ಚರಿತ್ರೆಯ ಮೇಲಿನ ಗೌರವವಿದೆ. ಬಂದೂಕು ಈ ಭಾಗದ ಜನರಿಗೆ ಬರೀ ಸಾಧನವಾಗಿರಲಿಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಎಂದ ಸರ್ಕಾರದ ಆಜ್ಞೆಗೆ ಮಣಿಯದೆ ಮುಧೋಳ ಸೀಮೆಯ ಹಲಗಲಿಯ ಬೇಡರು ಪ್ರಾಣ ಕೊಟ್ಟರು. ಅಂಥವರ ಪಾತ್ರ ವಹಿಸುವವನ ಕೈಯಲ್ಲಿ ಆಟಿಕೆ ಇರಬಾರದು ಎಂಬ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ ತೆರೆಯ ಮೇಲಿನ ನಿಜ ಎಲ್ಲಿಂದ ಬರುತ್ತದೆ ಎಂದು ಬಿಡಿಬಿಡಿಯಾಗಿ ನೋಡಬೇಕು. ತೂಕದಿಂದ ಬರುತ್ತದೆ ಎಂದರೆ, ತೂಕವನ್ನು ಕಬ್ಬಿಣದ ಸರಳು ಸೇರಿಸಿ, ನಳಿಕೆಯ ರಂಧ್ರ ಮುಚ್ಚಿದ ನಕಲಿನಲ್ಲೂ ತರಬಹುದು. ಹೊಡೆದಾಗ ಭುಜಕ್ಕೆ ಬರುವ ಒದೆತದಿಂದ ಎಂದರೆ, ಆ ಒದೆತ ಬಹುಪಾಲು ಮುಂದಕ್ಕೆ ಹಾರುವ ಸೀಸದ ಗುಂಡಿಗೆ ಸಿಗುವ ಪ್ರತಿಕ್ರಿಯೆ. ಗುಂಡಿಲ್ಲದ ಮದ್ದಿಗೆ ಒದೆತ ತೀರ ಕಡಿಮೆ. ಅಂದರೆ ಬ್ಲ್ಯಾಂಕ್ ಹೊಡೆಯುವ ನಟನೂ ಒದೆತವನ್ನು ಅಭಿನಯಿಸಲೇಬೇಕು. ಹೊಗೆಯಿಂದ ಎಂದರೆ, ಹೊಗೆಯಂತ್ರ ನಮ್ಮ ಸಣ್ಣ ನಾಟಕ ಕಂಪನಿಗಳಿಗೂ ಎಟುಕುವ ವಸ್ತು. ಬೆಂಕಿಯ ಮಿಂಚಿನಿಂದ ಎಂದರೆ, ಕ್ಯಾಮೆರಾ ಸೆಕೆಂಡಿಗೆ 24 ಚೌಕಟ್ಟು ಹಿಡಿಯುತ್ತದೆ. ಎರಡು ಚೌಕಟ್ಟುಗಳ ನಡುವೆ ಬಿದ್ದ ಕ್ಷಣದ ಮಿಂಚು ದಾಖಲಾಗದೆ ಹೋಗುವುದುಂಟು, ಆಗ ನಿಜವಾಗಿ ಸುಟ್ಟಮೇಲೂ ಅದನ್ನು ಸಂಕಲನದ ಮೇಜಿನ ಮೇಲೆ ಸೇರಿಸುತ್ತಾರೆ. ಕ್ಯಾಮೆರಾ ಪಡೆಯುವುದು ಬೆಳಕನ್ನು, ಮದ್ದನ್ನಲ್ಲ. ನಿಜವಾದ ಪುರಾತನ ಬಂದೂಕಿಗೆ ನಿಜವಾದ ಗೌರವ ಸಲ್ಲುವುದಾದರೆ ಅದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ. ನೂರು ವರ್ಷ ದಾಟಿದ್ದು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದರಲ್ಲಿ ಮದ್ದು ಸುಟ್ಟು ನಳಿಕೆ ಸೀಳಿಸಿದರೆ ಮನುಷ್ಯನ ಜೊತೆ ಚರಿತ್ರೆಯ ಸಾಕ್ಷಿಯೂ ಹಾಳಾಗುತ್ತದೆ.

ಈ ಮಾತನ್ನು ಸುರಪುರದ ಕಥೆಗೇ ಅನ್ವಯಿಸಿ ನೋಡಬಹುದು. ಆ ಕಥೆಯ ಕೊನೆಯನ್ನು ತಪ್ಪಿಸಿ ಚಿತ್ರ ಮಾಡಲಾಗದು. ಬಾಲಕ ರಾಜನನ್ನು ವರ್ಷಗಟ್ಟಲೆ ಕಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಂತೆ, 1858ರಲ್ಲಿ ಸೆರೆಯಾಳಾಗಿ ಸಾಗುತ್ತಿದ್ದ ವೆಂಕಟಪ್ಪ ನಾಯಕರ ಜೀವ ಹೋದದ್ದು ಕಾವಲಿನ ಅಧಿಕಾರಿ ಕಳಚಿಟ್ಟ ರಿವಾಲ್ವರಿನಿಂದ. ಅದು ಹೇಗಾಯಿತು ಎಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ; ಈ ಭಾಗದ ಜನ ಆ ಬರಹವನ್ನು ಇಡಿಯಾಗಿ ನಂಬುವವರೂ ಅಲ್ಲ. ಹೇಗೇ ಚಿತ್ರಿಸಿದರೂ ಅಲ್ಲಿ ಒಂದು ರಿವಾಲ್ವರ್ ಮನುಷ್ಯನ ಮೈಗೆ ತೀರ ಹತ್ತಿರ ಇರುತ್ತದೆ, ಉರುಳೆಯ ಎದುರಿನಲ್ಲಿ ಗುಂಡಿನ ತುದಿ ಕಾಣಬೇಕಾಗುತ್ತದೆ. ಹೆಕ್ಸಮ್‌ನನ್ನೂ ಲೀಯನ್ನೂ ಕೊಂದ ಎರಡು ಸನ್ನಿವೇಶಗಳೂ ಈ ಒಂದೇ ದೃಶ್ಯದಲ್ಲಿ ಸೇರುತ್ತವೆ. ಇಂಥ ದೃಶ್ಯಕ್ಕೆ ಗುಂಡು ಹಾರಿಸಬಲ್ಲ ಯಾವ ಆಯುಧವೂ ಬೇಡ. ರಂಧ್ರವಿಲ್ಲದ ನಕಲು, ಹೊರಗಿನಿಂದ ಸೇರಿಸಿದ ಸದ್ದು, ನಟನ ಮುಖ, ಇಷ್ಟರಿಂದ ಆ ಸಾವಿನ ದುಃಖ ನೋಡುಗನಿಗೆ ಮುಟ್ಟದಿದ್ದರೆ ಮದ್ದು ಸುಟ್ಟರೂ ಮುಟ್ಟುವುದಿಲ್ಲ.

ಇನ್ನು ನಾಲ್ಕನೆಯದು, ಒಬ್ಬರ ತಪ್ಪು ಎಂಬ ವಿವರಣೆ. 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೊದಲ್ಲಿ ‘ರಸ್ಟ್’ ಚಿತ್ರದ ಛಾಯಾಗ್ರಾಹಕಿ ಹಚಿನ್ಸ್ ತಾಲೀಮಿನ ವೇಳೆಯಲ್ಲಿ ಗುಂಡು ತಗುಲಿ ಸತ್ತರು, ನಿರ್ದೇಶಕರು ಗಾಯಗೊಂಡರು. ಅಲ್ಲಿ ಶಸ್ತ್ರ ಉಸ್ತುವಾರಿ ಇದ್ದರು, ಸುರಕ್ಷತೆಯ ಹೊಣೆ ಹೊತ್ತ ಸಹಾಯಕ ನಿರ್ದೇಶಕರಿದ್ದರು, ಅನುಭವಿ ನಟನಿದ್ದ. ಹಾಲಿವುಡ್ಡಿನ ಕಾರ್ಮಿಕರೂ ನಿರ್ಮಾಪಕರೂ ಕೂಡಿ ಮಾಡಿದ ಸುರಕ್ಷತಾ ಸುತ್ತೋಲೆಗಳಲ್ಲಿ ಮೊದಲನೆಯದೇ ಬಂದೂಕಿನ ಬಗ್ಗೆ. ಆದರೂ ಸೆಟ್ಟಿನಲ್ಲಿ ಇರಲೇಬಾರದ ನಿಜವಾದ ತೋಟಾಗಳು ಡಮ್ಮಿಗಳ ಜೊತೆ ಬೆರೆತಿದ್ದವು. ಉಸ್ತುವಾರಿ ನೋಡಿರುತ್ತಾರೆ ಎಂದು ಸಹಾಯಕ ನಿರ್ದೇಶಕರು ಪೂರ್ತಿ ನೋಡಲಿಲ್ಲ, ಅವರು ಸುರಕ್ಷಿತ ಎಂದು ಕೂಗಿ ಹೇಳಿದರು ಎಂದು ನಟ ನಂಬಿದ. 2024ರಲ್ಲಿ ಉಸ್ತುವಾರಿಗೆ 18 ತಿಂಗಳ ಶಿಕ್ಷೆಯಾಯಿತು, ನಟನ ಮೇಲಿನ ಮೊಕದ್ದಮೆ ವಜಾ ಆಯಿತು. ನ್ಯಾಯಾಲಯಕ್ಕೆ ಒಬ್ಬ ಅಪರಾಧಿ ಬೇಕು, ಅದು ಅದರ ಕೆಲಸ. ನಮಗೆ ಬೇಕಾದ್ದು ಕಾರಣ. ಮೂವರು ಒಬ್ಬರನ್ನೊಬ್ಬರು ನಂಬಿ ಸುಮ್ಮನಾದರೆ ಅಲ್ಲಿ ಮೂರು ಪರೀಕ್ಷೆ ಆಗಿರುವುದಿಲ್ಲ. ಒಂದೇ ಆಗಿರುತ್ತದೆ, ಆ ಒಂದೂ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಮನುಷ್ಯ ಮರೆಯುತ್ತಾನೆ, ದಣಿಯುತ್ತಾನೆ, ಅವಸರ ಮಾಡುತ್ತಾನೆ. ಒಬ್ಬನ ಮರೆವು ಇನ್ನೊಬ್ಬನ ಸಾವಾಗದಂತೆ ಕೆಲಸವನ್ನು ಹೊಂದಿಸುವುದೇ ಸುರಕ್ಷತೆ. ಹಣೆಬರಹ ಎನ್ನುವವರು ಈ ಹೊಂದಿಸುವ ಕೆಲಸದಿಂದ ತಪ್ಪಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಬಂದೂಕಿನಿಂದ ಹೀಗಾಗಿಲ್ಲವಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಆಯುಧ ಬೇರೆ ಇರಬಹುದು, ಯೋಚನೆಯ ದೋಷ ಇದೇ ಆಗಿತ್ತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ‘ದ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಹತ್ತಿ 62 ಜನ ಸತ್ತರು. ಗೋಡೆಗೆ ಹೊದಿಸಿದ ಗೋಣಿ, ಗಾಳಿಯಾಡದ ಒಳಾಂಗಣ, ಬೆಂಕಿ ಆರಿಸುವ ಸಿದ್ಧತೆ ಇಲ್ಲದಿರುವುದು ಆಗ ಚರ್ಚೆಗೆ ಬಂದ ಕಾರಣಗಳು. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಕಲಾವಿದರಾದ ಅನಿಲ್ ಮತ್ತು ಉದಯ್ ಮುಳುಗಿ ಸತ್ತರು. ಕಥೆ ಕಟ್ಟಿದ್ದಾದ್ದರಿಂದ ಅದರ ಬೆಂಕಿ, ಅದರ ನೀರು ಕೂಡ ಕಟ್ಟಿದ್ದೇ ಎಂಬಂತೆ ನಡೆದುಕೊಂಡದ್ದು ಎರಡೂ ಕಡೆ ಕಾಣುತ್ತದೆ. ಬಂದೂಕಿನ ಸಾವು ಅಪರೂಪ ಎಂಬುದು ನಿಜವೇ ಇರಲಿ. ಆದರೆ ಆ ಅಪರೂಪ ಬಂದೂಕಿನ ಸೌಮ್ಯ ಸ್ವಭಾವದಿಂದ ಬಂದದ್ದಲ್ಲ, ಎಲ್ಲೋ ಯಾರೋ ನಿಯಮ ಪಾಲಿಸಿದ್ದರಿಂದ ಬಂದದ್ದು. ನಿಯಮದ ಫಲವನ್ನೇ ನಿಯಮ ಬೇಡ ಎನ್ನಲು ಸಾಕ್ಷಿಯಾಗಿ ಒಡ್ಡಬಾರದು.

ಮೈಸೂರು ದಸರೆಯಲ್ಲಿ ಪ್ರತಿವರ್ಷ ಹಳೆಯ ಫಿರಂಗಿಗಳಿಂದ 21 ಕುಶಾಲತೋಪು ಸಿಡಿಸುವುದಿಲ್ಲವೇ ಎಂದು ಕೇಳಬಹುದು. ಕೇಳಲಿ, ಆ ಉದಾಹರಣೆ ನನ್ನ ಪರವಾಗಿಯೇ ಇದೆ. ಅಲ್ಲಿ ಮದ್ದು ಸುಡುವವರು ಸಶಸ್ತ್ರ ಮೀಸಲು ಪಡೆಯ ಪೊಲೀಸರು. ಮದ್ದಿಲ್ಲದ ಒಣ ತಾಲೀಮು ಮೊದಲು, ಮದ್ದಿನ ತಾಲೀಮು ಆಮೇಲೆ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ನಳಿಕೆಯೊಳಗೆ ಉಳಿದ ಕಿಡಿ ಸಾಯುವಂತೆ ಒದ್ದೆ ಬಟ್ಟೆಯ ಕೋಲಿನಿಂದ ಒರೆಸುತ್ತಾರೆ. ಫಿರಂಗಿಯ ಬಾಯಿ ಇರುವ ಕಡೆ ಜನರಿರುವುದಿಲ್ಲ. ಹಳೆಯ ಆಯುಧವನ್ನು ಹಳೆಯದೆಂದು ಹಗುರವಾಗಿ ಕಾಣದಿರುವುದು ಅಂದರೆ ಇದು. ಇಷ್ಟು ತರಬೇತಿಗೆ ಚಿತ್ರತಂಡ ಸಿದ್ಧವಿದ್ದರೆ ಮದ್ದು ಸುಡಲಿ. ಸಿದ್ಧವಿಲ್ಲದಿದ್ದರೆ ಸುಡುವುದು ಬೇಡ.

ದುಡ್ಡಿನ ಆಕ್ಷೇಪ ಕೊನೆಯದು, ಮತ್ತು ಪ್ರಾಮಾಣಿಕವಾದದ್ದು. ಕನ್ನಡದ ಸಣ್ಣ ನಿರ್ಮಾಪಕರಿಗೆ ಶಸ್ತ್ರ ಉಸ್ತುವಾರಿ, ಗ್ರಾಫಿಕ್ಸ್ ಎಲ್ಲ ಭಾರ. ಆದರೆ ಲೆಕ್ಕ ಹಾಕಿ ನೋಡಿದರೆ ಎಲ್ಲಕ್ಕಿಂತ ಅಗ್ಗ ಗುಂಡು ಹಾರಿಸಲಾರದ ಮರದ, ರಬ್ಬರಿನ, ಫೈಬರಿನ ನಕಲು. ಹಣವಿಲ್ಲದ ತಂಡ ನಿಜಕ್ಕೂ ಜಾರುವುದು ಬೇರೆ ಕಡೆ: ಊರಲ್ಲಿ ಯಾರದೋ ಬೆಳೆ ಕಾಯುವ ಬಂದೂಕನ್ನು ಒಂದು ದಿನಕ್ಕೆ ಎರವಲು ತರುವಲ್ಲಿ. ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲ. ಪರವಾನಗಿದಾರನ ಎದುರಿನಲ್ಲಿ ಅಥವಾ ಅವನ ಲಿಖಿತ ಅನುಮತಿಯಿಂದ ಬೇರೊಬ್ಬ ಬಂದೂಕು ಒಯ್ಯಬಹುದಾದದ್ದು ದುರಸ್ತಿಗೆ, ಪರವಾನಗಿ ನವೀಕರಣಕ್ಕೆ, ಇಲ್ಲವೇ ಆ ಪರವಾನಗಿದಾರನೇ ಬಳಸಲಿಕ್ಕೆ ಮಾತ್ರ. ನಟನ ಅಭಿನಯ ಆ ಪಟ್ಟಿಯಲ್ಲಿಲ್ಲ. ಅಷ್ಟೇ ಅಲ್ಲ, ನಿನ್ನೆ ರಾತ್ರಿ ಹೊಲದಲ್ಲಿ ತುಂಬಿಟ್ಟಿದ್ದ ಬಂದೂಕು ಅದೇ ಸ್ಥಿತಿಯಲ್ಲಿ ಬೆಳಿಗ್ಗೆ ಸೆಟ್ಟಿಗೆ ಬರುವ ಸಾಧ್ಯತೆ ಹೆಚ್ಚಿರುವುದೂ ಈ ಎರವಲಿನಲ್ಲೇ.

ಹಾಗಾದರೆ ಮಾಡಬೇಕಾದ್ದೇನು? ನನ್ನ ದೃಷ್ಟಿಯಲ್ಲಿ ಐದು ಕಟ್ಟುಪಾಡು ಸಾಕು:

1. ಪುರಾತನ ಆಯುಧದಲ್ಲಿ ಮದ್ದು ಸುಡಬಾರದು. ಅದರ ನಕಲು ಮಾಡಿಸಿ. ಮೂಲವನ್ನು ಬೇಕಾದರೆ ಪರೀಕ್ಷಿಸಿ, ಖಾಲಿಯೆಂದು ಖಚಿತಪಡಿಸಿಕೊಂಡು, ಯಾರ ಕೈಗೂ ಕೊಡದೆ ಸ್ಥಿರವಾಗಿಟ್ಟು ಚಿತ್ರಿಸಿ.

2. ಗುಂಡು ಹಾರಿಸಬಲ್ಲ ಬಂದೂಕು ಅನಿವಾರ್ಯವಾದ ಕಡೆ, ಬ್ಲ್ಯಾಂಕ್ ಇರಲಿ ಖಾಲಿ ಇರಲಿ, ಅದರ ಬಾಯಿ ಯಾವ ಮನುಷ್ಯನ ಕಡೆಗೂ ತಿರುಗಬಾರದು. ಕ್ಯಾಮೆರಾವನ್ನು ಕೋನ ನೋಡಿ ಇಟ್ಟರೆ ಪಕ್ಕಕ್ಕೆ ಹಿಡಿದ ಬಂದೂಕೂ ಎದೆಗೇ ಹಿಡಿದಂತೆ ಕಾಣುತ್ತದೆ.

3. ನಿಜವಾದ ಗುಂಡು, ನಿಜವಾದ ತೋಟಾ ಚಿತ್ರೀಕರಣದ ಜಾಗದ ಸುತ್ತಮುತ್ತ ಎಲ್ಲೂ ಇರಬಾರದು. ಮದ್ದನ್ನು ಅಳೆದು, ಬಿಡಿ ಪೊಟ್ಟಣಗಳಲ್ಲಿ, ಬೆಂಕಿಯಿಂದ ದೂರ ಬೀಗದಲ್ಲಿಡಬೇಕು; ಬುದ್ದಲಿಯಿಂದ ನೇರವಾಗಿ ನಳಿಕೆಗೆ ಸುರಿಯಬಾರದು.

4. ಪ್ರತಿ ಟೇಕಿಗೂ ಮೊದಲು ಬಂದೂಕು ಕೊಡುವವನೂ ತೆಗೆದುಕೊಳ್ಳುವವನೂ ತಮ್ಮ ಕಣ್ಣಾರೆ, ಬೇರೆಬೇರೆಯಾಗಿ ಪರೀಕ್ಷೆ ನೋಡಬೇಕು. ಎದುರು ನಿಲ್ಲುವ ಯಾರೇ ಕೇಳಿದರೂ, ಲೈಟ್ ಹುಡುಗನೇ ಕೇಳಿದರೂ, ಬೇಸರವಿಲ್ಲದೆ ಮತ್ತೊಮ್ಮೆ ತೋರಿಸಬೇಕು.

5. ಶಸ್ತ್ರ ಉಸ್ತುವಾರಿಗೆ ಬೇರೆ ಕೆಲಸ ವಹಿಸಬಾರದು, ಮತ್ತು ಅವನು ನಿಲ್ಲಿಸಿ ಎಂದರೆ ನಿರ್ದೇಶಕನೂ ನಿಲ್ಲಿಸಬೇಕು.

ಇವನ್ನು ಜಾರಿಗೆ ತರಲು ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ತನ್ನ ಸದಸ್ಯರಿಗೆ ಇದನ್ನು ಕಡ್ಡಾಯ ಮಾಡಬಹುದು. ಕೋಟೆ, ಅರಮನೆಗಳಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೊಡುವ ಇಲಾಖೆಗಳು ಅರ್ಜಿಯ ಜೊತೆ, ಯಾವ ಆಯುಧ ಬರುತ್ತದೆ, ಅದು ಗುಂಡು ಹಾರಿಸಬಲ್ಲದೇ, ಹೊಣೆ ಯಾರದು ಎಂದು ಒಂದು ಪುಟ ಕೇಳಬಹುದು. ಆ ಒಂದು ಪುಟ ತುಂಬಲಾಗದ ತಂಡಕ್ಕೆ ಬಂದೂಕಿನ ಹತ್ತಿರ ಹೋಗುವ ಅರ್ಹತೆಯೂ ಇಲ್ಲ. ವಾಗಿನಗೇರಿಯ ಬಂದೂಕುಗಾರರಿಗೆ ಹೆಸರು ಬಂದದ್ದು ಅವರ ಕೈಯಲ್ಲಿ ಬಂದೂಕು ಇದ್ದುದರಿಂದಲ್ಲ. ಬಂದೂಕು ಮೊಗಲರ ಕೈಯಲ್ಲೂ ಇತ್ತು. ಹೆಸರು ಬಂದದ್ದು ಆಯುಧದ ಮೇಲಿದ್ದ ಹಿಡಿತದಿಂದ, ಅದರ ಗುಣ ದೋಷ ಎರಡನ್ನೂ ಬಲ್ಲವರಾಗಿದ್ದುದರಿಂದ. ಅವರ ಕಥೆಯನ್ನು ತೆರೆಗೆ ತರುವವರು ಅವರಿಂದ ಕಲಿಯಬೇಕಾದ್ದು ಆ ಹಿಡಿತವನ್ನೇ, ಮತ್ತು ಅದು ಮೊದಲು ಕಾಣಬೇಕಾದ್ದು ಕ್ಯಾಮೆರಾದ ಹಿಂದೆ ದುಡಿಯುವ ನೂರಾರು ಜನ ಸಂಜೆ ಸುಖವಾಗಿ ಮನೆ ಸೇರುವಲ್ಲಿ.